ಮಿಷನ್ ಪ್ರವಾಸ: ಹೊರಡುವ ಮುನ್ನ, ಅಲ್ಲಿದ್ದಾಗ, ಬಂದ ಮೇಲೆ

ಬಹಳಷ್ಟು ಮಿಷನ್ ಪ್ರವಾಸಗಳು, ಅಂದರೆ ಕ್ರೈಸ್ತ ಸಭೆಗಳು (ಚರ್ಚುಗಳು) ಬೇರೆ ದೇಶಕ್ಕೆ ತಂಡ ಕಳಿಸುವ ಸೇವಾ ಪ್ರವಾಸಗಳು, ಕ್ಯಾಲೆಂಡರ್ ನೋಡಿ ಶುರುವಾಗುತ್ತವೆ. ರಜೆ ಯಾವಾಗ, ಟಿಕೆಟ್ ಯಾವಾಗ ಅಗ್ಗ, ಪಾಸ್ಟರ್‌ಗೆ ಯಾವ ವಾರ ಬಿಡುವು, ಇದೆಲ್ಲ ಮೊದಲು ತೀರ್ಮಾನವಾಗುತ್ತದೆ. ಆಮೇಲೆ ದೇಶ ಆರಿಸುತ್ತಾರೆ. ಅಲ್ಲಿ ಹೋಗಿ ಏನು ಮಾಡುವುದು ಅನ್ನುವ ಮಾತು ಕಟ್ಟಕಡೆಗೆ ಬರುತ್ತದೆ. ಅಲ್ಲಿನವರಿಗೆ ನಾವು ಬೇಕಾ ಅನ್ನುವ ಮಾತು ಎಷ್ಟೋ ಸಲ ಬರುವುದೇ ಇಲ್ಲ.

ಈ ಲೇಖನದಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ. ಬೇರೆ ದೇಶದ ಬಡ ಸಮುದಾಯದ ನಡುವೆ ಒಂದೆರಡು ವಾರದ ಸೇವೆಗೆ ಹೊರಡುವ ಸಭೆಗಳಿಗೆ, ಯುವಕರ ಗುಂಪುಗಳಿಗೆ, ತಂಡ ಕಟ್ಟುವವರಿಗೆ ಇದು. ನೀವು ಅಲ್ಲಿಗೆ ಹೋಗುವುದು ಯಜಮಾನರಾಗಿ ಅಲ್ಲ, ಅಲ್ಲಿನ ಸಭೆಯ ಕೈಕೆಳಗೆ ಕೆಲಸ ಮಾಡುವವರಾಗಿ. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿವೆ. ತಯಾರಿಗೆ ಕನಿಷ್ಠ ಆರು ತಿಂಗಳು ಇಟ್ಟುಕೊಳ್ಳಿ, ಒಂದು ವರ್ಷ ಸಿಕ್ಕರೆ ಇನ್ನೂ ಒಳ್ಳೆಯದು.

ಹಂತ 1: ಕರೆದವರು ಯಾರು?

ಮೊದಲು ಬೇಕಾದದ್ದು ಒಂದು ಕರೆ. ದೇವರ ಕರೆಯ ಮಾತು ನಿಮ್ಮ ಪ್ರಾರ್ಥನೆಗೆ ಬಿಟ್ಟದ್ದು. ನಾನು ಹೇಳುತ್ತಿರುವುದು ಅಲ್ಲಿನ ಮನುಷ್ಯರ ಕರೆ. ಆ ಊರಿನಲ್ಲಿ ವರ್ಷಗಳಿಂದ ಇರುವ ಸಭೆಯೋ ಸಂಸ್ಥೆಯೋ ನಿಮ್ಮನ್ನು ಕರೆದಿರಬೇಕು. ನೀವು ವಾಪಸ್ ಬಂದ ಮೇಲೂ ಅವರು ಅಲ್ಲಿಯೇ ಇರುತ್ತಾರೆ. ಹೊಗಳಿಕೆ, ದೂರು, ಅರ್ಧಕ್ಕೆ ನಿಂತ ಕೆಲಸ ಎಲ್ಲವೂ ಅವರ ತಲೆಗೇ ಬರುತ್ತದೆ.

ಬೈಬಲ್‌ನಲ್ಲಿ ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನು ಆ ಊರಿಗೆ ಬಂದ ತಕ್ಷಣ ಕಲ್ಲು ಹೊರಲಿಲ್ಲ. ಮೂರು ದಿನ ಸುಮ್ಮನಿದ್ದು, ರಾತ್ರಿ ಹೊತ್ತು ಕೆಲವೇ ಜನರನ್ನು ಕರೆದುಕೊಂಡು ಬಿದ್ದ ಗೋಡೆಯನ್ನು ಸುತ್ತಿ ನೋಡಿದ. ಆಮೇಲೆ ಊರವರ ಹತ್ತಿರ ಮಾತಾಡಿದ. ನಿಮಗೂ ಅಂಥ ಒಂದು ಸುತ್ತು ಬೇಕು. ಆಗುವುದಾದರೆ ಒಬ್ಬರೋ ಇಬ್ಬರೋ ಮೊದಲೇ ಹೋಗಿ ನೋಡಿ ಬರಲಿ. ಆಗದಿದ್ದರೆ ವಿಡಿಯೋ ಕರೆಯಲ್ಲಾದರೂ ಒಂದಕ್ಕಿಂತ ಹೆಚ್ಚು ಸಲ ಉದ್ದಕ್ಕೆ ಮಾತಾಡಿ. ಪಾಸ್ಟರ್ ಒಬ್ಬರ ಹತ್ತಿರ ಮಾತಾಡಿದರೆ ಸಾಲದು. ಸಭೆಯ ಹೆಂಗಸರು, ಶಾಲೆಯ ಶಿಕ್ಷಕರು, ಆರೋಗ್ಯ ಕಾರ್ಯಕರ್ತೆ ಇವರ ಮಾತೂ ಕಿವಿಗೆ ಬೀಳಬೇಕು.

ಕೇಳಲೇಬೇಕಾದ ಪ್ರಶ್ನೆ ಒಂದಿದೆ, ಕೇಳುವುದಕ್ಕೆ ಕಷ್ಟವಾದರೂ: "ನಾವು ಬರುವ ಬದಲು ಈ ದುಡ್ಡನ್ನೇ ಕಳಿಸಿದರೆ ನೀವು ಏನು ಮಾಡುತ್ತೀರಿ?"

ಹೊಂಡುರಾಸ್‌ನ ಕಥೆ ಕೇಳಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. 1998ರಲ್ಲಿ ಮಿಚ್ ಚಂಡಮಾರುತ ಆ ದೇಶದ ಸಾವಿರಾರು ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಉತ್ತರ ಅಮೆರಿಕದಿಂದ ತಂಡಗಳು ಬಂದು ಮನೆ ಕಟ್ಟಿಕೊಟ್ಟವು. ಅಲ್ಲಿಯೇ ವಾಸವಿದ್ದ ಸಮಾಜಶಾಸ್ತ್ರಜ್ಞ ಕರ್ಟ್ ವರ್ ಬೀಕ್ ಆಮೇಲೆ ಹೋಗಿ ಆ ಮನೆಯವರನ್ನು ಮಾತಾಡಿಸಿದರು. ಸ್ಥಳೀಯ ಕ್ರೈಸ್ತ ಸಂಸ್ಥೆ ಸುಮಾರು 2,000 ಡಾಲರ್‌ನಲ್ಲಿ ಒಂದು ಮನೆ ಎಬ್ಬಿಸುತ್ತಿತ್ತು. ಹೊರಗಿನ ತಂಡ ಬಂದು ಕಟ್ಟಿದಾಗ ವಿಮಾನ, ಊಟ, ವಸತಿ ಎಲ್ಲ ಸೇರಿ ಒಂದು ಮನೆಗೆ ಬಿದ್ದದ್ದು ಸುಮಾರು 30,000 ಡಾಲರ್. ಮನೆ ಪಡೆದ ಕುಟುಂಬಗಳ ಬದುಕಿನಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ತಂಡದವರ ಬದುಕು ಬದಲಾಯಿತಾ ಅಂತಲೂ ಅವರು ವಿಚಾರಿಸಿದರು. ಬದಲಾಗಿದೆ ಎಂದು ಹೇಳಿದವರು ಬಹಳ. ಅವರ ಕಾಣಿಕೆಯ ಲೆಕ್ಕದಲ್ಲಿ ಮಾತ್ರ ಅಂಥ ಬದಲಾವಣೆ ಎದ್ದು ಕಾಣಲಿಲ್ಲ.

ಹಾಗಾದರೆ ಹೋಗುವುದೇ ಬೇಡವಾ? ನಾನು ಹಾಗೆ ಹೇಳುವುದಿಲ್ಲ. ಜೊತೆಗೆ ಕೂತು ಉಣ್ಣುವುದು, ಒಟ್ಟಿಗೆ ಪ್ರಾರ್ಥನೆ ಮಾಡುವುದು, ಒಬ್ಬರ ಮುಖ ಒಬ್ಬರು ನೋಡುವುದು, ಇವನ್ನು ಬ್ಯಾಂಕಿನ ಮೂಲಕ ಕಳಿಸಲು ಆಗುವುದಿಲ್ಲ. ಆದರೆ ಅದಕ್ಕಾಗಿ ಹೋಗುತ್ತಿದ್ದರೆ ಅದನ್ನೇ ಬಾಯಿಬಿಟ್ಟು ಹೇಳಿ. ಗೋಡೆಗೆ ಬಣ್ಣ ಹಚ್ಚುವುದನ್ನು ನೆಪ ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ದುಡ್ಡು ತರುವ ಅತಿಥಿಗೆ "ಬೇಡ" ಅನ್ನುವುದು ಬಡ ಸಭೆಗೆ ಬಹಳ ಕಷ್ಟ. ಅವರು "ಬನ್ನಿ, ಬನ್ನಿ" ಎಂದ ಮಾತ್ರಕ್ಕೆ ಅವರಿಗೆ ನೀವು ಬೇಕಾಗಿದೆ ಎಂದು ತಿಳಿಯಬೇಡಿ. ಬೇರೆ ಬೇರೆ ರೀತಿಯಲ್ಲಿ ಕೇಳಿ. ಹಿಂದೆ ಅಲ್ಲಿಗೆ ಹೋಗಿದ್ದ ತಂಡದವರನ್ನು ವಿಚಾರಿಸಿ. "ಯಾವ ತಿಂಗಳು ನಾವು ಬಂದರೆ ನಿಮಗೆ ತೊಂದರೆ?" ಎಂದು ಕೇಳಿದರೆ ಸುಗ್ಗಿ, ಮಳೆ, ಪರೀಕ್ಷೆ ಎಲ್ಲ ಹೊರಬರುತ್ತವೆ. "ನಿಮಗೆ ಯಾವಾಗ ಅನುಕೂಲ?" ಎಂದರೆ "ನಿಮ್ಮಿಷ್ಟ" ಅನ್ನುವ ಉತ್ತರವೇ ಸಿಗುವುದು.

ಅಮೆರಿಕದ ಮಿಷನ್ ಸಂಸ್ಥೆಗಳು ಸೇರಿ 2003ರಲ್ಲಿ ಅಲ್ಪಾವಧಿ ಮಿಷನ್‌ಗೆ ಏಳು ಮಾನದಂಡಗಳನ್ನು ಒಪ್ಪಿಕೊಂಡವು. ಎರಡೂ ಕಡೆಯವರು ಕೂತು ಯೋಜನೆ ಮಾಡಬೇಕು, ತಂಡಕ್ಕೆ ಸರಿಯಾದ ತರಬೇತಿ ಇರಬೇಕು, ಬಂದ ಮೇಲೆ ಬೆನ್ನುಹತ್ತಿ ವಿಚಾರಿಸಬೇಕು, ಇಂಥವು. ನಿಮ್ಮನ್ನು ಕಳಿಸುವ ಸಂಸ್ಥೆ ಇಂಥ ಯಾವುದಾದರೂ ನಿಯಮಕ್ಕೆ ಬದ್ಧವಾ ಎಂದು ಕೇಳಿ ನೋಡಿ. ಪ್ರಶ್ನೆ ಕೇಳಿದ್ದಕ್ಕೇ ಮುನಿಸಿಕೊಂಡರೆ ಬೇರೆ ಸಂಸ್ಥೆ ಹುಡುಕಿ.

ಹಂತ 2: ಕೆಲಸ ಆರಿಸುವುದು

ನೆರವಿನಲ್ಲಿ ಮೂರು ಬಗೆ ಇದೆ. ಭೂಕಂಪ, ನೆರೆ ಬಂದಾಗ ಅನ್ನ-ನೀರು-ಔಷಧಿ ಕೊಡುವುದು ಒಂದು. ಅನಾಹುತ ಕಳೆದ ಮೇಲೆ ಜನ ಮತ್ತೆ ಎದ್ದು ನಿಲ್ಲುವಾಗ ಕೈಜೋಡಿಸುವುದು ಇನ್ನೊಂದು. ಜನ ತಮ್ಮ ಬದುಕನ್ನು ತಾವೇ ಮೇಲೆತ್ತಿಕೊಳ್ಳುವ ದಾರಿಯಲ್ಲಿ ವರ್ಷಗಟ್ಟಲೆ ಜೊತೆ ನಡೆಯುವುದು ಮೂರನೆಯದು. ಬಹುಪಾಲು ಬಡ ಊರುಗಳಿಗೆ ಬೇಕಾದದ್ದು ಎರಡನೆಯದು, ಮೂರನೆಯದು. ಬಹುಪಾಲು ತಂಡಗಳು ತರುವುದು ಮೊದಲನೆಯದು. ಗಟ್ಟಿಮುಟ್ಟಾದ ಹತ್ತು ಮಂದಿ ಗಂಡಸರು ಕೂತು ನೋಡುತ್ತಿರುವಾಗ ನಿಮ್ಮ ಕಾಲೇಜು ಹುಡುಗರು ಅವರ ಊರಿನ ಶಾಲೆಗೆ ಇಟ್ಟಿಗೆ ಜೋಡಿಸುತ್ತಿದ್ದರೆ ಎಲ್ಲೋ ತಪ್ಪಾಗಿದೆ. ಆ ಕೂಲಿ ಅವರ ಮನೆಗೆ ಹೋಗಬೇಕಿತ್ತು.

ಕಟ್ಟಡದ ಕೆಲಸಕ್ಕೆ ಹೋಗುವುದೇ ಆದರೆ ಊರಿನ ಮೇಸ್ತ್ರಿಯೇ ಮುಖ್ಯಸ್ಥ. ಕೂಲಿ ಕೊಟ್ಟು ಊರಿನ ಜನರನ್ನೇ ಇಟ್ಟುಕೊಳ್ಳಿ. ನಿಮ್ಮ ತಂಡ ಸಿಮೆಂಟ್ ಕಲಸಿ ಕೊಡಲಿ, ಕಲ್ಲು ಹೊರಲಿ.

ನೀರಿನ ಕೆಲಸ ಎಲ್ಲರಿಗೂ ಇಷ್ಟ. ಕೈಪಂಪಿನಿಂದ ನೀರು ಚಿಮ್ಮುವಾಗ ಮಕ್ಕಳು ನಗುವ ಫೋಟೋ ಸಿಗುತ್ತದೆ. ಆದರೆ 2009ರ ಸುಮಾರಿಗೆ ಆಫ್ರಿಕಾದ ಸಹಾರಾದ ಕೆಳಗಿನ ದೇಶಗಳಿಂದ ಕಲೆಹಾಕಿದ ಲೆಕ್ಕದಲ್ಲಿ ಸುಮಾರು ಮೂರಕ್ಕೆ ಒಂದು ಕೈಪಂಪು ಕೆಟ್ಟು ನಿಂತಿತ್ತು. ಕೊರೆದವರು ಹೋದರು, ವಾಷರ್ ಸವೆಯಿತು, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಹೊಸ ಬೋರ್‌ವೆಲ್‌ಗೆ ಮುಂಚೆ ಊರಲ್ಲಿ ಕೆಟ್ಟಿರುವ ಪಂಪು ಎಷ್ಟಿವೆ ಎಂದು ಕೇಳಿ. ಅವನ್ನು ರಿಪೇರಿ ಮಾಡಿಸಿ. ಊರಿನ ಇಬ್ಬರಿಗೆ, ಅದರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ, ಆ ಕೆಲಸ ಕಲಿಸಿ. ಬಿಡಿಭಾಗಕ್ಕೆ ಊರಿನವರೇ ತಿಂಗಳಿಗೆ ಇಷ್ಟು ಅಂತ ಕೂಡಿಡುವ ಏರ್ಪಾಡಾಗಲಿ. ಇದಕ್ಕೆ ಚಂದದ ಫೋಟೋ ಸಿಗುವುದಿಲ್ಲ, ಸಿಗದಿದ್ದರೆ ಬೇಡ.

ವೈದ್ಯಕೀಯ ಶಿಬಿರದಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಒಂದು ದಿನಕ್ಕೆ ಬಂದು ಬಿಪಿ ಮಾತ್ರೆ ಹದಿನೈದು ದಿನಕ್ಕಾಗುವಷ್ಟು ಕೊಟ್ಟು ಹೋದರೆ ಹದಿನಾರನೇ ದಿನ ಆ ಅಜ್ಜಿ ಏನು ಮಾಡಬೇಕು? ಶಿಬಿರ ಯಾವಾಗಲೂ ಅಲ್ಲಿನ ಆಸ್ಪತ್ರೆಯ ಜೊತೆ ಸೇರಿಯೇ ನಡೆಯಲಿ. ರೋಗಿಯ ದಾಖಲೆ ಅಲ್ಲಿ ಉಳಿಯಲಿ. ನಿಮ್ಮ ದೇಶದಲ್ಲಿ ಒಬ್ಬ ವಿದ್ಯಾರ್ಥಿ ಹೊಲಿಗೆ ಹಾಕುವಂತಿಲ್ಲ ಅಂದರೆ ಅಲ್ಲಿಯೂ ಹಾಕುವಂತಿಲ್ಲ. ಬಡವರ ಮೈ ಕಲಿಯುವವರ ಪ್ರಯೋಗಕ್ಕೆ ಇರುವುದಲ್ಲ. ವೈದ್ಯರು ಆಯಾ ದೇಶದ ಆರೋಗ್ಯ ಇಲಾಖೆಯ ಅನುಮತಿ ಪಡೆಯಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. 1978ರಲ್ಲಿ ಶುರುವಾದ ಮರ್ಸಿ ಶಿಪ್ಸ್ ಆಸ್ಪತ್ರೆ ಹಡಗುಗಳು ಆ ದೇಶದ ಸರ್ಕಾರ ಕರೆದ ಮೇಲೆ ಹೋಗುತ್ತವೆ. ಸಾಮಾನ್ಯವಾಗಿ ಒಂದು ಬಂದರಿನಲ್ಲಿ ಹತ್ತು ತಿಂಗಳಷ್ಟು ನಿಲ್ಲುತ್ತವೆ. ಆಪರೇಷನ್ ಆದವರನ್ನು ಆಮೇಲೆ ನೋಡಿಕೊಳ್ಳಲು ಸಮಯ ಇರಲಿ ಎಂದು, ಅಲ್ಲಿನ ವೈದ್ಯರಿಗೂ ಕಲಿಸಲು ಆಗಲಿ ಎಂದು. ನಿಮ್ಮ ಹತ್ತಿರ ಹಡಗಿಲ್ಲ ನಿಜ, ಆದರೆ ಈ ಎರಡು ಕಾರಣಗಳು ಒಂದು ದಿನದ ಶಿಬಿರಕ್ಕೂ ಅನ್ವಯಿಸುತ್ತವೆ.

ಇನ್ನು ಅನಾಥಾಶ್ರಮ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನಿಂದ ದೊಡ್ಡ ಹಾನಿ ಆಗುವುದು ಇಲ್ಲಿಯೇ.

ಕಾಂಬೋಡಿಯಾದಲ್ಲಿ ಯುನಿಸೆಫ್ ಮತ್ತು ಸರ್ಕಾರ ಲೆಕ್ಕ ಹಾಕಿದಾಗ ಅನಾಥಾಶ್ರಮಗಳಲ್ಲಿದ್ದ ಮಕ್ಕಳಲ್ಲಿ ಸುಮಾರು ನಾಲ್ಕಕ್ಕೆ ಮೂರು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ಅವರನ್ನು ಅಲ್ಲಿಗೆ ತಂದದ್ದು ಬಡತನ, ಶಾಲೆಯ ಆಸೆ, ಕೆಲವು ಕಡೆ ದಲ್ಲಾಳಿಯ ಮಾತು. ವಿದೇಶಿ ಅತಿಥಿಗಳು ಬಂದು ಕಾಣಿಕೆ ಕೊಡುತ್ತಾರೆ ಎಂದಾದರೆ ಮಕ್ಕಳನ್ನು ತುಂಬಿಸಿ ಇಡುವುದೇ ಕೆಲವರಿಗೆ ವ್ಯಾಪಾರವಾಗುತ್ತದೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾನೂನು ತಂದಾಗ ಈ ಅನಾಥಾಶ್ರಮದ ಮಕ್ಕಳ ಸಾಗಣೆಯೂ ಅಲ್ಲಿ ಚರ್ಚೆಗೆ ಬಂದಿತ್ತು. ಇದು ಎಷ್ಟು ಗಂಭೀರ ಎಂದು ಅದರಿಂದಲೇ ತಿಳಿಯುತ್ತದೆ. ವ್ಯಾಪಾರವೇ ಇಲ್ಲದ ಪ್ರಾಮಾಣಿಕ ಆಶ್ರಮದಲ್ಲೂ, ಎರಡು ವಾರಕ್ಕೊಮ್ಮೆ ಹೊಸ ಅಕ್ಕ, ಹೊಸ ಅಣ್ಣ ಬಂದು ಅಪ್ಪಿ ಮುದ್ದಾಡಿ, ಅತ್ತು, ಬಿಟ್ಟು ಹೋದರೆ ಆ ಮಗು ಏನನ್ನು ಕಲಿಯುತ್ತದೆ? ಪ್ರೀತಿ ಮಾಡುವವರೆಲ್ಲ ಬಿಟ್ಟು ಹೋಗುತ್ತಾರೆ ಎಂದು.

2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದ ಕೆಲವೇ ವಾರಗಳಲ್ಲಿ ಅಮೆರಿಕದಿಂದ ಬಂದ ಹತ್ತು ಮಂದಿ ಕ್ರೈಸ್ತ ಸೇವಕರು 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ ಡೊಮಿನಿಕನ್ ಗಣರಾಜ್ಯಕ್ಕೆ ಕರೆದೊಯ್ಯಲು ಹೊರಟರು. ಸರಿಯಾದ ಕಾಗದಪತ್ರ ಇರಲಿಲ್ಲ. ಗಡಿಯಲ್ಲಿ ಬಂಧನವಾಯಿತು. ಅನಾಥರು ಎಂದುಕೊಂಡಿದ್ದ ಆ ಮಕ್ಕಳಿಗೆ ಹೆತ್ತವರಿದ್ದರು ಎಂದು ಆಮೇಲೆ ಗೊತ್ತಾಯಿತು.

ಹಾಗಾದರೆ ಏನು ಮಾಡಬೇಕು? ಮಕ್ಕಳನ್ನು ಅವರ ಮನೆಯಲ್ಲೇ ಉಳಿಸಲು ದುಡಿಯುವ ಕೆಲಸಕ್ಕೆ ಕೈಜೋಡಿಸಿ. ಶಾಲೆಯ ಫೀಸು, ತಾಯಿಗೆ ದುಡಿಮೆ, ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ, ಸಂಬಂಧಿಕರ ಮನೆಯಲ್ಲಿ ಬೆಳೆಸುವ ಏರ್ಪಾಡು, ಇಂಥವು. ಆಶ್ರಮಕ್ಕೇ ಹೋಗಬೇಕಾಗಿ ಬಂದರೆ ಅಲ್ಲಿನ ಸಿಬ್ಬಂದಿಗೆ ನೆರವಾಗಿ. ಅಡುಗೆಮನೆ ಸರಿಪಡಿಸಿ, ಲೆಕ್ಕಪತ್ರ ಕಲಿಸಿ, ಶೌಚಾಲಯ ಕಟ್ಟಿಸಿ. ಮಕ್ಕಳ ಜೊತೆ ಆಡಿ ಹೋಗುವ ಒಂದು ದಿನದ ಕಾರ್ಯಕ್ರಮ ಬೇಡ.

ಹಂತ 3: ಕಾನೂನು ಮತ್ತು ಸುವಾರ್ತೆ

ಹಲವು ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ಧರ್ಮಪ್ರಚಾರ ಮಾಡುವುದು, ಕೆಲವು ಕಡೆ ಸಂಬಳವಿಲ್ಲದ ಸೇವೆ ಮಾಡುವುದೂ ಕಾನೂನಿಗೆ ವಿರುದ್ಧ. ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ. ಸತ್ಯ ಸಾರಲು ಹೋಗುವವರು ವಲಸೆ ಕೌಂಟರಿನಲ್ಲೇ ಸುಳ್ಳು ಹೇಳಿದರೆ ಹೇಗೆ? ಯಾವ ವೀಸಾ ಬೇಕು ಎಂದು ಆ ದೇಶದ ರಾಯಭಾರ ಕಚೇರಿಯನ್ನೇ ಕೇಳಿ. ಪಾಸ್‌ಪೋರ್ಟ್ ಅವಧಿ ಪ್ರಯಾಣದ ದಿನದಿಂದ ಆರು ತಿಂಗಳಾದರೂ ಬಾಕಿ ಇರಲಿ, ಬಹಳ ದೇಶಗಳು ಇದನ್ನು ಕೇಳುತ್ತವೆ.

ನೇಪಾಳದ ಉದಾಹರಣೆ ನೋಡಿ. 2015ರ ಸಂವಿಧಾನದ 26ನೇ ವಿಧಿ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ನಿಷೇಧಿಸುತ್ತದೆ. 2018ರಲ್ಲಿ ಜಾರಿಗೆ ಬಂದ ದಂಡ ಸಂಹಿತೆಯಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು ಇದೆ. ವಿದೇಶಿಯಾದರೆ ಶಿಕ್ಷೆ ಮುಗಿದ ಮೇಲೆ ಗಡಿಪಾರು. ನೀವು ವಿಮಾನ ಹತ್ತಿ ಬಂದುಬಿಡಬಹುದು, ಪೊಲೀಸರು ಆಮೇಲೆ ಹೋಗುವುದು ನಿಮ್ಮನ್ನು ಕರೆದ ಪಾಸ್ಟರ್ ಮನೆಗೆ. ಏನು ಮಾತಾಡಬಹುದು, ಎಲ್ಲಿ ಮಾತಾಡಬಾರದು ಅನ್ನುವುದನ್ನು ಅವರೇ ಹೇಳಲಿ, ನೀವು ಕೇಳಿ.

ನೆರವನ್ನೂ ಸುವಾರ್ತೆಯನ್ನೂ (ಯೇಸುವಿನ ಸಂದೇಶ ಸಾರುವುದನ್ನೂ) ಒಂದಕ್ಕೊಂದು ಗಂಟು ಹಾಕಬೇಡಿ. ಹಲವು ದೇಶಗಳ ಇವ್ಯಾಂಜೆಲಿಕಲ್ ಕ್ರೈಸ್ತರು ಸೇರಿ ಒಪ್ಪಿಕೊಂಡ 1974ರ ಲೌಸಾನ್ ಒಡಂಬಡಿಕೆ ಸುವಾರ್ತೆ ಸಾರುವುದೂ ಸಮಾಜಸೇವೆಯೂ ಎರಡೂ ಕ್ರೈಸ್ತರ ಹೊಣೆ ಎಂದಿತು. ಒಂದಕ್ಕಾಗಿ ಇನ್ನೊಂದನ್ನು ಆಮಿಷ ಮಾಡಿ ಎಂದು ಹೇಳಲಿಲ್ಲ. ಜಾಗತಿಕ ಸಭೆಗಳ ಮಂಡಳಿ, ವ್ಯಾಟಿಕನ್, ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ 2011ರಲ್ಲಿ ಹೊರತಂದ ಹೇಳಿಕೆ ಬಡವರ ಕಷ್ಟವನ್ನು ಬಳಸಿಕೊಂಡು ಹಣ, ಉಡುಗೊರೆಯ ಆಸೆ ತೋರಿಸುವುದಕ್ಕೆ ಸುವಾರ್ತೆಯ ಕೆಲಸದಲ್ಲಿ ಜಾಗವಿಲ್ಲ ಎಂದು ಖಂಡಿಸಿತು. ನೆರವಿನ ಕೆಲಸಕ್ಕಾಗಿ ಬರೆದ 1994ರ ರೆಡ್ ಕ್ರಾಸ್ ನಡವಳಿಕೆ ಸಂಹಿತೆಗೂ ಹಲವು ಕ್ರೈಸ್ತ ಸಂಸ್ಥೆಗಳು ಸಹಿ ಹಾಕಿವೆ. ಅದು ಹೇಳುವುದೂ ಇದನ್ನೇ. ಕೆಲಸದ ಮಾತಿನಲ್ಲಿ ಹೇಳಬೇಕೆಂದರೆ: ಅಕ್ಕಿ ಹಂಚುವ ಸಾಲು ಬೇರೆ, ಪ್ರಾರ್ಥನೆ ಕೂಟ ಬೇರೆ. ಜಾಗವೂ ಬೇರೆ, ಹೊತ್ತೂ ಬೇರೆ. ಕೂಟಕ್ಕೆ ಬಾರದವರ ಚೀಲದಲ್ಲಿ ಒಂದು ಹಿಡಿ ಅಕ್ಕಿಯೂ ಕಡಿಮೆಯಾಗಬಾರದು. ಯಾರಾದರೂ "ನೀವು ಯಾಕೆ ಬಂದಿರಿ?" ಎಂದು ತಾವಾಗಿ ಕೇಳಿದರೆ ಸಂತೋಷವಾಗಿ ಹೇಳಿ.

ಹಂತ 4: ದುಡ್ಡು

ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಕೇಳಿದ್ದು ಬೈಬಲ್‌ನ ಲೂಕ 14ರಲ್ಲಿದೆ. ಲೆಕ್ಕದಲ್ಲಿ ಜನ ಮರೆಯುವುದು ಇವನ್ನು: ಲಸಿಕೆ, ವೀಸಾ, ವಿಮೆ, ದುಭಾಷಿಗೆ ಸಂಬಳ, ಅಲ್ಲಿನ ವಾಹನ ಮತ್ತು ಚಾಲಕ, ಅಡುಗೆಯವರಿಗೆ ಕೂಲಿ, ನಿಮ್ಮಿಂದಾಗಿ ಅಲ್ಲಿನ ಸಭೆಗೆ ಬೀಳುವ ಕರೆಂಟು-ನೀರಿನ ಖರ್ಚು. ಆತಿಥ್ಯ ಮಾಡಿ ಮಾಡಿ ಬಡ ಸಭೆ ಸಾಲಕ್ಕೆ ಬೀಳಬಾರದು.

ಒಟ್ಟು ಮೊತ್ತದಲ್ಲಿ ಪ್ರಯಾಣಕ್ಕೆ ಎಷ್ಟು, ಅಲ್ಲಿನ ಕೆಲಸಕ್ಕೆ ಎಷ್ಟು ಅನ್ನುವುದನ್ನು ಬೇರೆ ಬೇರೆ ಬರೆದು ಕಾಣಿಕೆ ಕೊಡುವವರಿಗೆ ತೋರಿಸಿ. ಪ್ರಯಾಣದ ಸಾಲು ದೊಡ್ಡದಾಗಿ ಕಂಡರೆ ಮುಜುಗರವಾಗುತ್ತದೆ, ಆಗಲಿ. ತಂಡ ಚಿಕ್ಕದು ಮಾಡಲು ಅದೇ ಒಳ್ಳೆಯ ಕಾರಣ. ಹದಿನೆಂಟು ಜನರ ಬದಲು ಆರು ಜನ ಹೋದರೆ ಅಲ್ಲಿನವರಿಗೂ ಹಗುರ. ಪ್ರವಾಸ ರದ್ದಾದರೆ ದುಡ್ಡು ಏನಾಗುತ್ತದೆ ಎಂದು ಮೊದಲೇ ಬರೆದಿಡಿ.

ಅಲ್ಲಿಗೆ ಹಣ ಒಬ್ಬರ ಸ್ವಂತ ಖಾತೆಗೆ ಹೋಗಬಾರದು, ಆ ಒಬ್ಬರು ಎಷ್ಟೇ ದೈವಭಕ್ತರಾಗಿರಲಿ. ಯೆರೂಸಲೇಮಿನ ಬಡವರಿಗೆ ಕಾಣಿಕೆ ಕೂಡಿಸಿದ ಪೌಲನು ಅದನ್ನು ಒಬ್ಬನೇ ಒಯ್ಯಲಿಲ್ಲ, ಯಾರೂ ಬೆರಳು ತೋರಿಸಬಾರದೆಂದು ಸಭೆಗಳು ಆರಿಸಿದ ಸಹೋದರರನ್ನು ಜೊತೆಗೆ ಇಟ್ಟುಕೊಂಡ. 2 ಕೊರಿಂಥ 8ನೇ ಅಧ್ಯಾಯ ಓದಿ, ಲೆಕ್ಕಪತ್ರದ ಪಾಠ ಅಲ್ಲಿಯೇ ಇದೆ. ಇಬ್ಬರ ಸಹಿ, ರಸೀದಿ, ಸಭೆಯಲ್ಲಿ ಓದಿ ಹೇಳುವ ಲೆಕ್ಕ.

ಹಂತ 5: ತಂಡ

ಉತ್ಸಾಹ ನೋಡಿ ಆರಿಸಬೇಡಿ. ನಿಮ್ಮ ಸಭೆಯಲ್ಲಿ ಯಾರೂ ನೋಡದಾಗ ಪಾತ್ರೆ ತೊಳೆಯುವವರು ಯಾರು ಎಂದು ನೋಡಿ, ಅವರನ್ನು ಕರೆದುಕೊಂಡು ಹೋಗಿ. ಮಕ್ಕಳ ಹತ್ತಿರ ಕೆಲಸ ಮಾಡುವ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ ಆಗಬೇಕು. ಪಾಸ್ಟರ್ ಮಗನಾದರೂ ಸರಿ. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದು ಅನ್ನುವ ನಿಯಮವನ್ನು ಬರೆದು ಎಲ್ಲರ ಸಹಿ ಹಾಕಿಸಿ. ತಪ್ಪು ಕಂಡರೆ ಯಾರಿಗೆ ಹೇಳಬೇಕು ಅನ್ನುವುದೂ ಅದರಲ್ಲಿರಲಿ.

ಹೊರಡುವ ಮುಂಚೆ ನಾಲ್ಕೈದು ಸಲವಾದರೂ ತಂಡ ಸೇರಬೇಕು. ಬರೀ ಹಾಡು-ಪ್ರಾರ್ಥನೆಗಲ್ಲ. ಆ ದೇಶದ ಇತಿಹಾಸ ಓದಿ. ವಸಾಹತು ಕಾಲದಲ್ಲಿ ಅಲ್ಲಿ ಮಿಷನರಿಗಳು ಏನು ಮಾಡಿದರು, ಒಳ್ಳೆಯದು ಕೆಟ್ಟದ್ದು ಎರಡನ್ನೂ ತಿಳಿಯಿರಿ. ನಮಸ್ಕಾರ, ಧನ್ಯವಾದ, ಕ್ಷಮಿಸಿ, "ನನಗೆ ಗೊತ್ತಿಲ್ಲ, ಹೇಳಿಕೊಡಿ" ಇಷ್ಟಾದರೂ ಅವರ ಮಾತಿನಲ್ಲಿ ಕಲಿಯಿರಿ.

ಹಂತ 6: ಆರೋಗ್ಯ

ಹೊರಡುವ ಎಂಟು ವಾರ ಮುಂಚೆ ವೈದ್ಯರನ್ನು ನೋಡಿ. ಕೆಲವು ಲಸಿಕೆಗಳಿಗೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕು, ಕೊನೆಯ ವಾರ ಹೋದರೆ ಆಗುವುದಿಲ್ಲ. ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯು ಸಾಮಾನ್ಯವಾಗಿ ಪಟ್ಟಿಯಲ್ಲಿರುತ್ತವೆ. ಆಸ್ಪತ್ರೆ ದೂರವಿರುವ ಊರಾದರೆ ರೇಬೀಸ್ ಲಸಿಕೆಯನ್ನೂ ಕೇಳಿ. ಆಫ್ರಿಕಾ, ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಆ ಪತ್ರಕ್ಕೆ ಬೆಲೆ. 2016ರ ಜುಲೈನಿಂದ ಒಮ್ಮೆ ಪಡೆದ ಪತ್ರ ಜೀವನಪೂರ್ತಿ ನಡೆಯುತ್ತದೆ.

ಮಲೇರಿಯಾ ಇರುವ ಕಡೆ ಮಾತ್ರೆ ಬೇಕು. ಯಾವುದು ಎಂದು ವೈದ್ಯರು ಹೇಳುತ್ತಾರೆ. ಜನ ತಪ್ಪುವುದು ವಾಪಸ್ ಬಂದ ಮೇಲೆ, ಮನೆಗೆ ಬಂದೆವಲ್ಲ ಎಂದು ನಿಲ್ಲಿಸಿಬಿಡುತ್ತಾರೆ. ಅಟೊವಾಕೋನ್-ಪ್ರೊಗ್ವಾನಿಲ್ ಬಂದ ಮೇಲೂ ಏಳು ದಿನ, ಡಾಕ್ಸಿಸೈಕ್ಲಿನ್ ನಾಲ್ಕು ವಾರ ಮುಂದುವರಿಸಬೇಕು. ಜೊತೆಗೆ ಸೊಳ್ಳೆ ಪರದೆ, ಉದ್ದ ತೋಳಿನ ಬಟ್ಟೆ.

ನೀರು ಕುದ್ದು ಉಕ್ಕಲು ಶುರುವಾದ ಮೇಲೆ ಒಂದು ನಿಮಿಷ ಬಿಡಿ. 2,000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ. ಭೇದಿಯಾದರೆ ಒಆರ್‌ಎಸ್ ಪೊಟ್ಟಣ ಇಲ್ಲದಿದ್ದರೂ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಟೀ ಚಮಚದ ಲೆಕ್ಕ) ಕಲಸಿ ಕುಡಿಯಬಹುದು. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು-ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ, ಲಸಿಕೆ ಮೊದಲೇ ಆಗಿದ್ದರೂ ಸರಿ.

ಜನ ಹಾವು, ಕಾಯಿಲೆ ಎಂದು ಹೆದರುತ್ತಾರೆ. ಹೆಚ್ಚು ಜೀವ ತೆಗೆಯುವುದು ರಸ್ತೆ. ರಾತ್ರಿ ಊರಿಂದೂರಿಗೆ ಪ್ರಯಾಣ ಬೇಡ. ಟ್ರಕ್ಕಿನ ಹಿಂದೆ ನಿಂತು ಹೋಗುವುದು, ಹೆಲ್ಮೆಟ್ ಇಲ್ಲದ ಬೈಕು ಬೇಡವೇ ಬೇಡ. ವಿಮೆಯಲ್ಲಿ ರೋಗಿಯನ್ನು ವಿಮಾನದಲ್ಲಿ ಬೇರೆಡೆಗೆ ಸಾಗಿಸುವ ಖರ್ಚು ಸೇರಿದೆಯಾ ನೋಡಿ, ಬೈಕು ಅಪಘಾತ ಬಿಟ್ಟಿದ್ದಾರಾ ಅನ್ನುವುದನ್ನೂ ನೋಡಿ.

ಹಂತ 7: ಚೀಲದಲ್ಲಿ ಏನು?

ಕಡಿಮೆ. ತಂಡ ಉಟ್ಟು ತೊಡುವಷ್ಟು, ಅಷ್ಟೇ. ಹಳೆ ಬಟ್ಟೆಯ ಮೂಟೆ ಬೇಡ. ರುವಾಂಡಾ 2016ರಲ್ಲಿ ಹಳೆ ಬಟ್ಟೆಯ ಆಮದು ಸುಂಕವನ್ನು ಹಲವು ಪಟ್ಟು ಏರಿಸಿದ್ದು ತನ್ನದೇ ಜವಳಿ ಕೆಲಸವನ್ನು ಉಳಿಸಿಕೊಳ್ಳಲು. ನೋಟ್‌ಬುಕ್, ಅಕ್ಕಿ, ಸಿಮೆಂಟು, ಚಪ್ಪಲಿ ಎಲ್ಲವನ್ನೂ ಅಲ್ಲಿನ ಅಂಗಡಿಯಲ್ಲೇ ಕೊಳ್ಳಿ. ಅಂಗಡಿಯವನೂ ಆ ಊರಿನವನೇ ಅಲ್ವಾ?

ಔಷಧಿ ಕೊಡುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ನೆನಪಿರಲಿ. ಅಲ್ಲಿಗೆ ತಲುಪಿದಾಗ ಕನಿಷ್ಠ ಒಂದು ವರ್ಷದ ಅವಧಿ ಬಾಕಿ ಇರಬೇಕು, ಲೇಬಲ್ ಅಲ್ಲಿನ ವೈದ್ಯರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅವರು ಕೇಳಿದ ಔಷಧಿಯೇ ಆಗಿರಬೇಕು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಗುಡ್ಡೆ ಹಾಕಿ ಒಯ್ಯುವುದು ದಾನವಲ್ಲ. ನಿಮ್ಮ ಸ್ವಂತ ಮಾತ್ರೆಗಳು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯ ಜೊತೆ ಇರಲಿ.

ಹಂತ 8: ಅಲ್ಲಿದ್ದಾಗ

ಯೇಸು ಎಪ್ಪತ್ತು ಜನರನ್ನು ಕಳಿಸುವಾಗ ಹೇಳಿದ್ದು ಸರಳ. ಒಂದೇ ಮನೆಯಲ್ಲಿ ಇರಿ, ಅವರು ಬಡಿಸಿದ್ದನ್ನು ಉಣ್ಣಿರಿ, ಮನೆಯಿಂದ ಮನೆಗೆ ಬದಲಾಯಿಸಬೇಡಿ. ಲೂಕ 10ರ ಈ ಮಾತು ಇವತ್ತಿಗೂ ಅಷ್ಟೇ ನಡೆಯುತ್ತದೆ. ಊಟ ಹಿಡಿಸದಿದ್ದರೆ ಸ್ವಲ್ಪ ಬಡಿಸಿಕೊಳ್ಳಿ, ಮುಖ ಸಿಂಡರಿಸಬೇಡಿ.

ಮೊದಲ ಎರಡು ದಿನ ಕೆಲಸ ಇಟ್ಟುಕೊಳ್ಳಬೇಡಿ. ಊರು ಸುತ್ತಿ, ಜನರನ್ನು ಮಾತಾಡಿಸಿ. ತಂಡದ ನಾಯಕನಿಗೆ "ಸಮಯ ಹಾಳಾಗುತ್ತಿದೆ" ಅನಿಸುತ್ತದೆ. ಅನಿಸಲಿ ಬಿಡಿ.

ಫೋಟೋದ ನಿಯಮ ಒಂದೇ. ನಿಮ್ಮ ಮಗುವನ್ನು ಗೊತ್ತಿಲ್ಲದವರು ಹಾಗೆ ತೆಗೆದು ಜಗತ್ತಿಗೆ ಹಂಚಿದರೆ ನಿಮಗೆ ಸರಿಯಾ? ಇಲ್ಲ ಅಂದರೆ ತೆಗೆಯಬೇಡಿ. ದೊಡ್ಡವರಾದರೆ ಅವರನ್ನೇ ಕೇಳಿ, ಮಕ್ಕಳಾದರೆ ಹೆತ್ತವರನ್ನು ಕೇಳಿ. ಮಗುವಿನ ಹೆಸರು, ಊರು, ಕಷ್ಟದ ಕಥೆ ಮೂರನ್ನೂ ಒಟ್ಟಿಗೆ ಹಾಕಬೇಡಿ. ಕ್ರೈಸ್ತರಿಗೆ ಕಿರುಕುಳ ಇರುವ ದೇಶವಾದರೆ ವಿಶ್ವಾಸಿಗಳ ಮುಖವನ್ನೇ ಹಾಕಬೇಡಿ, ಸಭೆ ಸೇರುವ ಜಾಗ ಕಾಣುವಂತೆಯೂ ಬೇಡ.

ಕೈಯಲ್ಲಿ ದುಡ್ಡು ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಯಾರೋ ಒಬ್ಬ ತಾಯಿ ಅಳುತ್ತಾ ಬಂದು ಮಗುವಿನ ಆಪರೇಷನ್‌ಗೆ ಕೇಳುತ್ತಾಳೆ. ಕಲ್ಲು ಮನಸ್ಸು ಮಾಡಿಕೊಳ್ಳಿ ಎಂದು ನಾನು ಹೇಳಲಾರೆ. ಹೆಸರು ಬರೆದುಕೊಳ್ಳಿ, ಅಲ್ಲಿನ ಪಾಸ್ಟರ್ ಅಥವಾ ಸಭೆಯ ಹಿರಿಯರಿಗೆ ತಿಳಿಸಿ. ಆ ಕುಟುಂಬ ಅವರಿಗೆ ಗೊತ್ತಿರುತ್ತದೆ, ಹಣ ಅವರ ಮೂಲಕ ಹೋಗಲಿ. ನೀವೇ ಕೊಟ್ಟರೆ ಮಾರನೇ ದಿನ ನೂರು ಜನ ಬಾಗಿಲಲ್ಲಿರುತ್ತಾರೆ. ನೀವು ಹೋದ ಮೇಲೆ ಕೊಡಲಾಗದ ಪಾಸ್ಟರ್ ಎಲ್ಲರ ಕಣ್ಣಲ್ಲಿ ಜಿಪುಣನಾಗುತ್ತಾರೆ.

ಮಾತು ಕೊಡಬೇಡಿ. "ಮುಂದಿನ ವರ್ಷ ಬರುತ್ತೇನೆ", "ನಿನ್ನನ್ನು ಓದಿಸುತ್ತೇನೆ", "ವೀಸಾ ಮಾಡಿಸುತ್ತೇನೆ" ಇವು ಬಾಯಿಗೆ ಸುಲಭವಾಗಿ ಬರುತ್ತವೆ. ನೀವು ವಿಮಾನದಲ್ಲೇ ಮರೆಯುತ್ತೀರಿ, ಅವರು ವರ್ಷಗಟ್ಟಲೆ ಕಾಯುತ್ತಾರೆ.

ದಿನಾ ಸಂಜೆ ತಂಡ ಅರ್ಧ ಗಂಟೆ ಕೂರಲಿ. ಅಲ್ಲಿನ ಒಬ್ಬರೂ ಇರಲಿ. ಇವತ್ತು ನಾವು ಯಾರಿಗಾದರೂ ಅಡ್ಡ ಬಂದೆವಾ ಎಂದು ಅವರನ್ನು ಕೇಳಿ.

ಹಂತ 9: ಬಂದ ಮೇಲೆ

ಜ್ವರ ಬಂದರೆ, ತಿಂಗಳುಗಳೇ ಕಳೆದಿದ್ದರೂ, ವೈದ್ಯರಿಗೆ ಯಾವ ದೇಶಕ್ಕೆ ಹೋಗಿದ್ದಿರಿ ಎಂದು ಮೊದಲ ಮಾತಿನಲ್ಲೇ ಹೇಳಿ. ಮಲೇರಿಯಾ ತಡವಾಗಿಯೂ ತಲೆ ಎತ್ತಬಹುದು.

ಕೆಲವರಿಗೆ ಮನೆಗೆ ಬಂದ ಮೇಲೆ ಯಾವುದೂ ಹಿಡಿಸುವುದಿಲ್ಲ. ಇಲ್ಲಿನ ಸಭೆಯವರ ಮೇಲೆ ಸಿಟ್ಟು, ತುಂಬಿದ ಅಂಗಡಿ ಕಂಡರೆ ಬೇಸರ. ತಂಡ ಎರಡು ವಾರಕ್ಕೊಮ್ಮೆ, ಮೂರು ತಿಂಗಳಾದರೂ ಸೇರುತ್ತಿರಲಿ. ಸಭೆಯಲ್ಲಿ ವರದಿ ಕೊಡುವಾಗ "ಪಾಪ, ಅವರ ಹತ್ತಿರ ಏನೂ ಇಲ್ಲ, ಆದರೂ ಎಷ್ಟು ಖುಷಿಯಾಗಿದ್ದಾರೆ" ಅನ್ನುವ ಮಾತನ್ನು ದಯವಿಟ್ಟು ಬಿಡಿ. ಅತಿಥಿಯ ಮುಂದೆ ನಗುವುದು ಮರ್ಯಾದೆ, ಅದನ್ನು ಬಡತನಕ್ಕೆ ಸಿಕ್ಕ ಸರ್ಟಿಫಿಕೇಟ್ ಮಾಡಬೇಡಿ. ಅದರ ಬದಲು ಅಲ್ಲಿನ ಮೇಸ್ತ್ರಿ, ನರ್ಸ್, ಪಾಸ್ಟರ್ ವರ್ಷವಿಡೀ ಏನು ಮಾಡುತ್ತಾರೆ ಎಂದು ಹೇಳಿ. ಆಗುವುದಾದರೆ ಅವರನ್ನೇ ವಿಡಿಯೋದಲ್ಲಿ ಕರೆದು ಮಾತಾಡಿಸಿ.

ಒಂದು ತಿಂಗಳೊಳಗೆ ಖರ್ಚಿನ ಲೆಕ್ಕ ಎರಡೂ ಸಭೆಗಳಿಗೆ ತಲುಪಲಿ. ಬಾಕಿ ಕಳಿಸಬೇಕಾದ ಹಣ ಹೇಳಿದ ದಿನಕ್ಕೇ ಹೋಗಲಿ. ಆರು ತಿಂಗಳ ನಂತರ ಅಲ್ಲಿನವರಿಗೆ ಮೂರು ಪ್ರಶ್ನೆ ಕಳಿಸಿ: ನಾವು ಮಾಡಿದ್ದರಲ್ಲಿ ಈಗಲೂ ಉಪಯೋಗಕ್ಕೆ ಬರುತ್ತಿರುವುದು ಯಾವುದು? ನಿಮಗೆ ಹೊರೆಯಾದದ್ದು ಯಾವುದು? ಮತ್ತೆ ಬರಬೇಕಾ, ಅಥವಾ ಆ ದುಡ್ಡನ್ನೇ ಕಳಿಸಿದರೆ ಸಾಕಾ? ನೀವೇ ಕೇಳಿದರೆ ಸಂಕೋಚಪಡುತ್ತಾರೆ. ಇಬ್ಬರಿಗೂ ಗೊತ್ತಿರುವ ಮೂರನೆಯವರ ಕೈಯಲ್ಲಿ ಕೇಳಿಸಿ, ಉತ್ತರ ಬಂದ ಮೇಲೆ ಮುಂದಿನ ವರ್ಷದ ಕ್ಯಾಲೆಂಡರ್ ತೆಗೆಯಿರಿ.